ಕೆಂಡಮ್ಮನ ಸ್ಟೂಲು ಮತ್ತು ಹಳಿ ಪಕ್ಕದ ಚರಂಡಿ

ಒಂದು ಜೋರು ಮಳೆ ಬಂದರೆ ಸಾಕು, ಹಳಿ ಪಕ್ಕದ ಬೀದಿಯವರು ಒಲೆಯನ್ನು ಮಂಚದ ಮೇಲಿಟ್ಟುಕೊಂಡು ಅಡುಗೆ ಮಾಡುತ್ತಿದ್ದರು. ಒಂದು ಮನೆಯ ಚಪ್ಪಲಿ ತೇಲಿಕೊಂಡು ಹೋಗಿ ಇನ್ನೊಂದು ಮನೆ ಸೇರುತ್ತಿತ್ತು. ಮಳೆ ನಿಂತ ಮೇಲೆ ಮೊದಲು ಮನೆಯೊಳಗಿನ ನೀರು ಮೊಗೆದು ಹಾಕಬೇಕು, ಆಮೇಲೆ ಚಪ್ಪಲಿ ಹುಡುಕಿಕೊಂಡು ಹೊರಡಬೇಕು. ಇದು ಒಂದೆರಡು ವರ್ಷದ ಮಾತಲ್ಲ. ಆ ಬೀದಿಯಲ್ಲಿ ಮಕ್ಕಳಾಗಿದ್ದವರು ತಮ್ಮ ಮಕ್ಕಳನ್ನು ಮಂಚದ ಮೇಲೆ ಕೂರಿಸುವ ಕಾಲ ಬಂದರೂ ನೀರು ಬರುವುದು ಮಾತ್ರ ತಪ್ಪಲಿಲ್ಲ.

"ಎಲ್ಲ ಈ ರೈಲಿನವರ ಕೆಲಸ," ಎನ್ನುತ್ತಿದ್ದಳು ಕೆಂಡಮ್ಮ. "ಹಳಿ ಎತ್ತರ ಮಾಡಿದ್ರು, ನಾವು ತಗ್ಗಲ್ಲಿ ಬಿದ್ವಿ. ಅವರ ನೀರು ನಮ್ಮ ಮನೆಗೆ."

ಅವಳಿಗೆ ಬೇರೆ ಹೆಸರು ಇತ್ತು. ಆದರೆ ಬೆಳಗಿನಿಂದ ಸಂಜೆವರೆಗೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವವಳನ್ನು ಜನ ಇನ್ನೇನೆಂದು ಕರೆಯುತ್ತಾರೆ? ಮಾತೂ ಹಾಗೇ ಇತ್ತು, ಮುಟ್ಟಿದರೆ ಸುಡುವಂಥದ್ದು. ಗಂಡ ತೀರಿಹೋದಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ, ತಲೆ ಮೇಲೆ ಒಂದು ತಗಡು. ಅಷ್ಟರಲ್ಲೇ ಮಗಳನ್ನು ಬೆಳೆಸಿ, ಓದಿಸಿ, ಮದುವೆ ಮಾಡಿಕೊಟ್ಟಳು. ಯಾರ ಮನೆ ಬಾಗಿಲಿಗೂ ಕೈ ಚಾಚಿ ಹೋದವಳಲ್ಲ. ಆ ಅಂಗಡಿ ಅವಳ ಜೀವ.

ಅಂಗಡಿ ನಿಂತಿದ್ದದ್ದು ಚರಂಡಿಯ ಮೇಲೆ.

ಬೀದಿ ಎಂದರೆ ಒಂದೇ ಸಾಲು ಮನೆ. ಮನೆ ಮುಂದೆ ಓಣಿ, ಓಣಿಯ ಅಂಚಿಗೆ ಚರಂಡಿ, ಅದರಾಚೆ ಜಲ್ಲಿ, ಜಲ್ಲಿಯ ಮೇಲೆ ಹಳಿ. ಹಳಿ ಹಾಕಿದ ಕಾಲದಲ್ಲಿ ಆ ಚರಂಡಿಗೆ ಇಳಿದು ನಿಂತರೆ ಸೊಂಟದವರೆಗೆ ಮುಚ್ಚುತ್ತಿತ್ತು. ಓಣಿ ಕಿರಿದು, ಮನೆಗಳು ಚಿಕ್ಕವು. ಹಾಗಾಗಿ ಒಬ್ಬೊಬ್ಬರೂ ತಮ್ಮ ಮನೆ ಎದುರಿನ ಚರಂಡಿಯ ಮೇಲೆ ಚಪ್ಪಡಿ ಹಾಸಿಕೊಂಡರು. ಒಬ್ಬರು ಸೈಕಲ್ ನಿಲ್ಲಿಸಿದರು, ಒಬ್ಬರು ಬಟ್ಟೆ ಒಗೆಯುವ ಕಲ್ಲು ಇಟ್ಟರು, ಟೀ ಅಂಗಡಿಯವನು ಬೆಂಚು ಹಾಕಿದ. ಯಾರೂ ತಾವು ನೀರಿಗೆ ಅಡ್ಡ ಬಂದೆವು ಎಂದುಕೊಳ್ಳಲಿಲ್ಲ. ಎಲ್ಲರೂ ಚಪ್ಪಡಿಯ ಕೆಳಗೆ ಒಂದೊಂದು ಪೈಪ್ ಇಟ್ಟಿದ್ದರು. ಒಬ್ಬರದು ಮೊಳಕೈ ದಪ್ಪ, ಒಬ್ಬರದು ಕೊಡದ ಬಾಯಿಯಷ್ಟು. ಒಬ್ಬರು ತಳಕ್ಕೆ ಇಟ್ಟರು, ಇನ್ನೊಬ್ಬರು ಒಂದು ಗೇಣು ಮೇಲೆ ಇಟ್ಟರು. ತಮ್ಮ ತಮ್ಮ ಪೈಪ್ ಹಾಕಿ ಎಲ್ಲರೂ ಕೈ ತೊಳೆದುಕೊಂಡರು.

ಕೆಂಡಮ್ಮನ ಪೈಪ್ ಎಲ್ಲರದಕ್ಕಿಂತ ದೊಡ್ಡದು, ಸಿಮೆಂಟಿನದು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ದಿನಾ ಸಂಜೆ ಇಸ್ತ್ರಿಪೆಟ್ಟಿಗೆಯ ಬೂದಿಯನ್ನು ಚಪ್ಪಡಿಯ ಸಂದಿಯಿಂದ ಚರಂಡಿಗೆ ಸುರಿದು, ಮೇಲೆ ಒಂದು ಚೊಂಬು ನೀರು ಹಾಕುತ್ತಿದ್ದಳು. ಬೂದಿಯಲ್ಲವೇ, ನೀರಿನ ಜೊತೆ ಹೋಗುತ್ತದೆ.

ಒಂದು ದಿನ ಕೀಮ್ಯಾನ್ ತನ್ನ ಸಮವಸ್ತ್ರ ಇಸ್ತ್ರಿಗೆ ತಂದ. ದಿನವೂ ಹಳಿಯ ಮೇಲೆ ನಡೆದು ಕೀಲುಗಳು ಬಿಗಿಯಾಗಿವೆಯೇ ಎಂದು ನೋಡುವ ಮನುಷ್ಯ. ಅದೇ ಬೀದಿಯ ಕೊನೆ ಮನೆಯವನು. ಮಾತು ಕಡಿಮೆ.

"ಅಕ್ಕ, ಸೋಮವಾರ ಜೆಸಿಬಿ ಬರುತ್ತೆ. ಚರಂಡಿ ಹೂಳು ತೆಗೀತಾರೆ. ಚಪ್ಪಡಿ ಎಲ್ಲ ಏಳಬೇಕು. ನಿನ್ನದೂ."

ಕೆಂಡಮ್ಮ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು. "ಬರಲಿ."

"ಬರಲಿ ಅಂದ್ರೆ?"

"ಬರಲಿ ಅಂದ್ರೆ ಬರಲಿ. ನಾನೆಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ."

"ಅಕ್ಕ, ಇಲ್ಲಿ ರೈಲು ಯಾಕೆ ಇಷ್ಟು ನಿಧಾನ ಹೋಗುತ್ತೆ, ಯೋಚನೆ ಮಾಡಿದ್ದೀಯಾ?"

"ನಮ್ಮ ಬೀದಿ ಚೆನ್ನಾಗಿದೆ, ಡ್ರೈವರ್ ನೋಡ್ಕೊಂಡು ಹೋಗ್ತಾನೆ."

"ಪ್ರೀತಿಯಿಂದ ಅಲ್ಲ ಅಕ್ಕ, ಹೆದರಿ ನಿಧಾನ ಹೋಗ್ತಾನೆ. ಚರಂಡಿಲಿ ನೀರು ನಿಂತು ನಿಂತು ಹಳಿ ಕೆಳಗಿನ ಮಣ್ಣು ಮೆತ್ತಗಾಗಿದೆ."

"ನಿಮ್ಮ ಹಳಿ, ನಿಮ್ಮ ಮಣ್ಣು. ನನ್ನ ಅಂಗಡಿ ಯಾಕೆ ಕೀಳಬೇಕು? ತಗೋ ನಿನ್ನ ಪ್ಯಾಂಟು, ಗೆರೆ ಕೆಡಿಸ್ಕೋಬೇಡ."

ಅದೇ ಸಂಜೆ ಪಕ್ಕದ ಬೀದಿಯಿಂದ ಮಗಳು ಬಂದಳು. ಬಂದವಳು ಸ್ಟೂಲಿನ ಅಂಚಿನಲ್ಲಿ ಕೂತು ಉಗುರು ಕಡಿಯತೊಡಗಿದಳು.

"ಏನೇ, ಗಂಡನ ಜೊತೆ ಜಗಳವಾ?"

"ಇಲ್ಲಮ್ಮ. ಸೋಮವಾರ ಇಲ್ಲಿಗೆ ಬರೋ ಜೆಸಿಬಿ..."

"ಹೂಂ."

"ಅದನ್ನ ಓಡಿಸೋದು ಅವರೇ."

ಕೆಂಡಮ್ಮ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು. ಮಗಳ ಮುಖ ನೋಡಿದಳು. "ಒಳ್ಳೇದಾಯ್ತು," ಎಂದಳು. "ಅಳಿಯಂದಿರು ಮನೆಗೆ ಬಂದು ಬಹಳ ದಿನ ಆಗಿತ್ತು."

ಸೋಮವಾರ ಬೆಳಿಗ್ಗೆ ಯಂತ್ರ ಬಂತು. ಬೀದಿಯ ಮೇಲ್ತುದಿಯಿಂದ ಕೆಲಸ ಹಿಡಿಯಿತು. ಕೀಮ್ಯಾನ್ ಹಳಿ ಪಕ್ಕದಲ್ಲಿ ಬಾವುಟ, ಸೀಟಿ ಹಿಡಿದು ನಿಂತ. ಎಷ್ಟು ತೋಡಬೇಕೆಂಬ ಗುರುತಿಗೆ ಗೂಟ ನೆಟ್ಟು ದಾರ ಕಟ್ಟಿದ್ದರು. ದಾರ ಬೀದಿಯ ಕೆಳತುದಿಯಲ್ಲಿ ನೀರು ಹೊರಹೋಗುವ ಮೋರಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗಿತ್ತು. ಸೈಕಲ್ ನಿಲ್ಲಿಸುವ ಚಪ್ಪಡಿ ಎದ್ದಿತು. ಒಗೆಯುವ ಕಲ್ಲು ಎದ್ದಿತು. ಟೀ ಅಂಗಡಿಯವನು ಗೊಣಗುತ್ತಲೇ ಬೆಂಚು ಎತ್ತಿಕೊಂಡು ಒಳಗೆ ಹೋದ. ಕೆಳಗಿನಿಂದ ಬಂದದ್ದು ಒಂದೇ ಎರಡೇ? ಮುರಿದ ಹೆಂಚು, ಇಟ್ಟಿಗೆ ಚೂರು, ಹಾಸಿಗೆಯ ಹತ್ತಿ, ದರ್ಜಿಯ ಅಂಗಡಿಯ ಬಟ್ಟೆ ತುಂಡು, ಟೀ ಚರಟದ ಕರಿ ಗಟ್ಟಿ.

ಕೆಂಡಮ್ಮ ತನ್ನ ಪಾಡಿಗೆ ಇಸ್ತ್ರಿ ಮಾಡುತ್ತಲೇ ಇದ್ದಳು. ಯಂತ್ರ ಅವಳ ಅಂಗಡಿಗೆ ಎರಡು ಮಾರು ದೂರ ಬಂದಾಗ ಕೀಮ್ಯಾನ್ ಸೀಟಿ ಊದಿದ. ರೈಲು ಬರುವ ಹೊತ್ತು. ಅಳಿಯ ಯಂತ್ರದ ತೋಳನ್ನು ಹಳಿಯ ಕಡೆಯಿಂದ ಓಣಿಯ ಕಡೆಗೆ ತಿರುಗಿಸಿ, ಮಣ್ಣು ಬಗೆಯುವ ಬಕೆಟ್ಟನ್ನು ನೆಲಕ್ಕೆ ಊರಿ, ಇಂಜಿನ್ ಬಂದ್ ಮಾಡಿದ. ರೈಲು ಮೆಲ್ಲಗೆ ಕುಂಟುತ್ತ ಹೋಯಿತು. ಅದು ಹೋಗಿ ಮುಗಿಯುವಷ್ಟರಲ್ಲಿ ಕೆಂಡಮ್ಮ ತನ್ನ ಸ್ಟೂಲನ್ನು ತಂದು ಬಕೆಟ್ಟಿನ ಎದುರು ಹಾಕಿ ಕೂತಿದ್ದಳು. ತೊಡೆಯ ಮೇಲೆ ಮಡಿಸಿದ ಅಂಗಿಗಳು.

ಅಳಿಯ ಕೆಳಗಿಳಿದ. "ಅತ್ತೆ, ಏಳಿ."

"ಬನ್ನಿ ಅಳಿಯಂದಿರೇ. ನೀರು ಕುಡೀತೀರಾ?"

"ಅತ್ತೆ, ದಯವಿಟ್ಟು. ಜನ ನೋಡ್ತಿದ್ದಾರೆ."

"ನೋಡಲಿ. ಹೆಣ್ಣು ಕೊಟ್ಟ ಅತ್ತೆಯ ಅಂಗಡಿ ಕೀಳೋ ಅಳಿಯನ್ನ ಅವರು ಎಲ್ಲಿ ನೋಡಿರ್ತಾರೆ?"

ಬಾಗಿಲಲ್ಲಿ ನಿಂತವರು ನಕ್ಕರು. ಅವರ ನಡುವೆ ನಿಂತಿದ್ದ ಮಗಳು ಗಂಡನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಗೋಡೆ ನೋಡಿದಳು.

ಅಳಿಯನ ಕಿವಿ ಕೆಂಪಾಯಿತು. ಆದರೆ ದನಿ ಏರಲಿಲ್ಲ. "ಅಂಗಡಿ ಹಾಳು ಮಾಡ್ತೀನಿ ಅಂತ ನಾನು ಹೇಳಿಲ್ಲ. ಮೇಜಿಗೆ ಗಾಲಿ ಹಾಕಿಸ್ಕೊಡ್ತೀನಿ ಅಂತ ಹೋದ ವರ್ಷವೇ ಹೇಳಿದ್ದೆ."

"ಗಾಲಿ ಇದ್ದರೆ ಅದು ಅಂಗಡಿ ಅಲ್ಲ, ಗಾಡಿ. ನಾನು ಗಾಡಿ ತಳ್ಳೋಳಲ್ಲ."

ಕೀಮ್ಯಾನ್ ಹತ್ತಿರ ಬಂದು ಮಣ್ಣಿನ ಮೇಲೇ ಕುಕ್ಕರಗಾಲಲ್ಲಿ ಕೂತ. "ಅಕ್ಕ, ಇಲ್ಲಿಂದಲೇ ನೋಡು, ಹತ್ತಿರ ಹೋಗಬೇಡ. ಆ ಜಲ್ಲಿ ನೋಡು. ಬೇರೆ ಕಡೆ ಕಲ್ಲು ಹೇಗಿರುತ್ತೆ? ಒಣಗಿ, ಬಿಡಿಬಿಡಿಯಾಗಿ. ಇಲ್ಲಿ?"

ನಿಜ. ಅಲ್ಲಿ ಜಲ್ಲಿಯ ನಡುವೆ ಗಂಜಿಯಂಥ ಬಿಳಿ ಕೆಸರು ಮೆತ್ತಿತ್ತು.

"ರೈಲಿನ ಭಾರ ಬಿದ್ದಾಗಲೆಲ್ಲ ಕೆಳಗಿನ ಕೆಸರು ಮೇಲೆ ಉಕ್ಕುತ್ತೆ. ಒದ್ದೆ ಸ್ಪಂಜು ಒತ್ತಿದ ಹಾಗೆ. ಕಲ್ಲಿನ ಹಿಡಿತ ಹೋದ್ರೆ ಹಳಿ ಕೂರುತ್ತೆ. ಒಂದು ಪಕ್ಕ ಕೂತ್ರೆ ರೈಲು ಎತ್ತ ವಾಲುತ್ತೆ?"

ಹಳಿಯ ಈ ಪಕ್ಕ ಇದ್ದದ್ದು ಬೀದಿಯ ಮನೆಗಳೇ. ಟೀ ಅಂಗಡಿಯವನು ತನ್ನ ಗೋಡೆಯನ್ನು ಒಮ್ಮೆ ನೋಡಿಕೊಂಡ.

"ನೀರು ನಿಂತಿರೋದು ಬೇರೆಯವರ ಕಸದಿಂದ," ಎಂದಳು ಕೆಂಡಮ್ಮ. "ನನ್ನ ಪೈಪ್ ಇಷ್ಟು ದೊಡ್ಡದು. ಅದರೊಳಗೆ ಬೆಕ್ಕು ಓಡಾಡುತ್ತೆ."

"ಯಾವಾಗ ಓಡಾಡಿದ್ದು?"

ಅವಳು ಲೆಕ್ಕ ಹಾಕಿದಳು. ಮಗಳು ಶಾಲೆಗೆ ಹೋಗುತ್ತಿದ್ದಾಗ ಒಂದು ಬೂದು ಬೆಕ್ಕಿತ್ತು. "ಅದೆಲ್ಲ ನಿನಗ್ಯಾಕೆ? ಪೈಪ್ ಖಾಲಿ ಇದೆ."

"ಇದ್ದರೆ ಒಳ್ಳೇದೇ," ಎಂದ ಅಳಿಯ. "ಮೇಲ್ಗಡೆ ಪೂರ್ತಿ ಬಿಡಿಸಾಯ್ತು ಅತ್ತೆ. ಆದರೂ ನೀರು ನಿಮ್ಮ ಅಂಗಡಿ ಹತ್ತಿರ ಬಂದು ನಿಂತಿದೆ. ನೀವೇ ನೋಡಿ."

ಅವಳು ತಿರುಗಿ ನೋಡಿದಳು. ಬಿಡಿಸಿದ ಚರಂಡಿಯಲ್ಲಿ ಕಪ್ಪು ನೀರು ಅವಳ ಚಪ್ಪಡಿಯವರೆಗೂ ಬಂದು, ಮುಂದೆ ಹೋಗಲು ದಾರಿ ಕಾಣದೆ ಸುಮ್ಮನೆ ನಿಂತಿತ್ತು. ಬಾಗಿಲಲ್ಲಿದ್ದವರೂ ನೋಡಿದರು. ಈಗ ಯಾರೂ ನಗಲಿಲ್ಲ.

ಕೆಂಡಮ್ಮ ಎದ್ದಳು. ಸೋತು ಎದ್ದದ್ದಲ್ಲ. "ಎಲ್ಲರೂ ಕೇಳಿಸ್ಕೊಳ್ಳಿ. ನನ್ನ ಪೈಪ್ ಹೊರಗೆ ತೆಗೀಲಿ. ಖಾಲಿ ಇದ್ದರೆ ಚಪ್ಪಡಿ ಎಲ್ಲಿತ್ತೋ ಅಲ್ಲೇ ವಾಪಸ್ ಕೂರಬೇಕು. ಅಂಗಡಿ ನನ್ನದು, ಜಾಗ ನನ್ನದು. ಆಮೇಲೆ ಯಾರೂ ತುಟಿ ಬಿಚ್ಚಬಾರದು."

"ಖಾಲಿ ಇಲ್ಲದಿದ್ರೆ?" ಎಂದಳು ಮಗಳು. ಅವಳು ಬೆಳಗಿನಿಂದ ಆಡಿದ ಮೊದಲ ಮಾತು ಅದು.

"ಇಲ್ಲದಿದ್ರೆ ನಿನ್ನ ಗಂಡ ಹೇಳಿದ ಹಾಗೆ ಕೇಳ್ತೀನಿ. ಬದುಕಿರೋವರೆಗೆ ಒಂದೇ ಸಲ."

ನಾಲ್ವರು ಸೇರಿ ಮೇಜನ್ನು ಎತ್ತಿ ಅವಳ ಮನೆಯ ಗೋಡೆಗೆ ಆನಿಸಿದರು. ತಗಡು ಇಳಿಸಿದರು. ಎಲ್ಲರನ್ನೂ ದೂರ ಕಳಿಸಿ ಅಳಿಯ ಯಂತ್ರ ಚಾಲೂ ಮಾಡಿದ. ಚಪ್ಪಡಿಗೆ ಸರಪಳಿ ಬಿಗಿದು, ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ ಓಣಿಯಲ್ಲಿ ಇಟ್ಟ. ಕೆಂಡಮ್ಮನಿಗೆ ಅದು ಕಂಡಿತು. ಒಂದು ಮೂಲೆಯೂ ಮುರಿಯಲಿಲ್ಲ.

ಪೈಪ್ ಮಾತ್ರ ಸುಲಭಕ್ಕೆ ಬರಲಿಲ್ಲ. ಖಾಲಿ ಪೈಪಾದರೆ ಇಷ್ಟು ಭಾರ ಇರುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಕೊನೆಗೆ ಯಂತ್ರ ಅದನ್ನು ಎತ್ತಿ ಓಣಿಗೆ ಇಳಿಸಿದಾಗ ಹಳೆಯ ಸಿಮೆಂಟು ಬಿರುಕು ಬಿಟ್ಟು ಎರಡು ಹೋಳಾಗಿ ಕಳಚಿತು. ಒಳಗೆ ಪೈಪಿನದೇ ಆಕಾರದಲ್ಲಿ ಒಂದು ಬೂದು ಬಣ್ಣದ ಕಂಬ ಮಲಗಿತ್ತು. ಕಲ್ಲಿನಷ್ಟು ಗಟ್ಟಿ. ಬೆಕ್ಕಲ್ಲ, ಇರುವೆಗೂ ದಾರಿ ಇರಲಿಲ್ಲ.

ಇಂಜಿನ್ ನಿಂತ ಮೇಲೆ ಕೆಂಡಮ್ಮ ಹತ್ತಿರ ಹೋದಳು. ಬಗ್ಗಿ ಒಂದು ಮೂಲೆಯನ್ನು ಉಗುರಿನಿಂದ ಕೆರೆದಳು. ಬೂದಿ. ಅದರೊಳಗೆ ಒಂದು ಅಂಗಿ ಗುಂಡಿ. ಪಕ್ಕದಲ್ಲಿ ಇನ್ನೊಂದು. ಇಸ್ತ್ರಿ ಮಾಡುವಾಗ ಕಿತ್ತುಬಂದ ಗುಂಡಿಗಳನ್ನು ಅವಳೇ ಬೂದಿಯ ಜೊತೆ ಗುಡಿಸಿ ಹಾಕುತ್ತಿದ್ದಳು. ಬಿಳಿ, ನೀಲಿ, ಶಾಲೆಯ ಅಂಗಿಯ ಖಾಕಿ ಗುಂಡಿ. ಬೇರೆ ಯಾರದೋ ಕಸ ಎನ್ನಲು ದಾರಿಯೇ ಇರಲಿಲ್ಲ. ಮೂವತ್ತು ವರ್ಷದ ಸಂಜೆಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು.

ಅತ್ತ ಚರಂಡಿಯಲ್ಲಿ ನಿಂತ ನೀರು ಒಮ್ಮೆ ಅಲುಗಾಡಿತು. ಆಮೇಲೆ ಪೈಪ್ ಇದ್ದ ಜಾಗ ದಾಟಿ ಸದ್ದು ಮಾಡುತ್ತ ಮುಂದಕ್ಕೆ ಹರಿಯಿತು.

"ಇಷ್ಟು ವರ್ಷ ರೈಲಿನವರನ್ನ ಬೈದೆನಲ್ಲ," ಎಂದಳು ಅವಳು, ತನಗೇ ಎಂಬಂತೆ.

"ಬೈದಿದ್ದು ಪೂರ್ತಿ ದಂಡ ಅಲ್ಲ ಅಕ್ಕ," ಎಂದ ಕೀಮ್ಯಾನ್. "ನೀವು ತುಂಬಿದ್ರಿ, ಸರಿ. ವರ್ಷಕ್ಕೊಮ್ಮೆ ಬಂದು ತೆಗೀಬೇಕಾದವರು ಬಂದರಾ? ಹೂಳು ತುಂಬಿದೆ ಅಂತ ನಾನು ಹೇಳ್ತಾನೇ ಇದ್ದೆ. ಈ ಸಲ ರೈಲು ನಿಧಾನ ಮಾಡಬೇಕಾದಾಗ ಮೇಲಿನವರ ಕಿವಿಗೆ ಬಿತ್ತು."

ಕೆಂಡಮ್ಮ ಒಂದು ಗುಂಡಿಯನ್ನು ಕಿತ್ತು ಸೆರಗಿಗೆ ಒರೆಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಳಿಯನ ಕಡೆ ತಿರುಗಿದಳು. "ಗಾಲಿ ಎಷ್ಟು ದೊಡ್ಡದು ಹಾಕಿಸ್ತೀರಿ?"

ಮಧ್ಯಾಹ್ನದ ಊಟಕ್ಕೆ ಯಂತ್ರ ನಿಂತಿತ್ತು. ಆಗ ಸೂಪರ್‌ವೈಸರ್ ಮೋಟರ್ ಬೈಕಿನಲ್ಲಿ ಬಂದ. ಕೆಲಸ ಗುತ್ತಿಗೆ ಹಿಡಿದವರ ಕಡೆಯವನು. ಇಳಿಯಲೂ ಇಲ್ಲ, ಕಾಲು ಊರಿ ಕೂತೇ ಚರಂಡಿ ನೋಡಿದ.

"ಸಾಕು. ಯಂತ್ರ ಬೇರೆ ಕಡೆ ಬೇಕು. ಊಟ ಮಾಡಿ ಹೊರಡು."

"ಸಾರ್, ಮೋರಿವರೆಗೆ ಇನ್ನೂ ನೂರಡಿ ಇದೆ," ಎಂದ ಅಳಿಯ. "ಮೋರಿ ಬಾಯಿ ಮುಚ್ಚಿದೆ. ಹೂಳೆಲ್ಲ ದಂಡೆ ಮೇಲೇ ಇದೆ, ಟಿಪ್ಪರ್ ಬಂದಿಲ್ಲ."

"ದಂಡೆ ಮೇಲಿದ್ರೆ ಏನಾಯ್ತು? ಒಣಗುತ್ತೆ."

"ಒಣಗಲ್ಲ," ಎಂದಳು ಕೆಂಡಮ್ಮ. ಅವಳ ಕೈಯಲ್ಲಿ ಸ್ಟೂಲಿತ್ತು. "ಮಳೆ ಬಂದ ತಕ್ಷಣ ಬಂದ ದಾರಿಲೇ ಒಳಗೆ ಜಾರುತ್ತೆ. ನನಗೆ ಗೊತ್ತು. ನಾನು ಮೂವತ್ತು ವರ್ಷ ತುಂಬಿದ್ದೀನಿ, ನನ್ನಷ್ಟು ಯಾರಿಗೂ ಗೊತ್ತಿಲ್ಲ."

ಅವಳು ಸ್ಟೂಲನ್ನು ಯಂತ್ರದ ಮುಂದಿನ ಗಾಲಿಯ ಎದುರು ಇಟ್ಟು ಕೂತಳು.

ಸೂಪರ್‌ವೈಸರ್ ಈಗ ಬೈಕಿನಿಂದ ಇಳಿದ. "ಬೆಳಿಗ್ಗೆ ಯಂತ್ರ ಬರಬಾರದು ಅಂತ ಕೂತಿದ್ದೋರು ನೀವೇ ತಾನೇ? ನನಗೆ ಫೋನ್ ಬಂತು."

"ನಾನೇ."

"ಈಗ?"

"ಈಗ ಹೋಗಬಾರದು ಅಂತ ಕೂತಿದ್ದೀನಿ. ಸ್ಟೂಲು ಅದೇ."

"ತಲೆ ಸರಿ ಇದೆಯಾ?"

"ಬೆಳಿಗ್ಗೆ ಇರಲಿಲ್ಲ, ಈಗ ಇದೆ. ಅರ್ಧ ತೆಗೆದ ಚರಂಡಿ ಪೂರ್ತಿ ಮುಚ್ಚಿದ್ದಕ್ಕಿಂತ ಕೆಟ್ಟದ್ದು. ಮೇಲಿನ ನೀರೆಲ್ಲ ಓಡಿಬಂದು ಕೆಳಗಿನ ಮೂರು ಮನೆಗೆ ನುಗ್ಗುತ್ತೆ. ನಮ್ಮ ಚಪ್ಪಡಿ ಎಲ್ಲ ಎತ್ತಿ ಕೊಟ್ಟಿದ್ದೀವಿ. ನಿಮ್ಮ ಪಾಲಿನ ಕೆಲಸ ಮಾಡಿ ಹೋಗಿ."

ಸೂಪರ್‌ವೈಸರ್ ಅಳಿಯನಿಗೆ ಹೇಳಿದ, "ಹತ್ತು. ಚಾಲೂ ಮಾಡು. ತಾನಾಗೇ ಏಳ್ತಾರೆ."

ಅಳಿಯ ಯಂತ್ರದ ಹತ್ತಿರ ಹೋದ. ಅವನು ಮೇಲೆ ಹತ್ತಿ, ಬೀಗದ ಕೈ ಕಿತ್ತುಕೊಂಡು, ಕೆಳಗಿಳಿದು ಅದನ್ನು ಜೇಬಿಗೆ ಹಾಕಿಕೊಂಡ. "ಎದುರಿಗೆ ಆಳಿದ್ರೆ ಚಾಲೂ ಮಾಡಬಾರದು ಸಾರ್. ನೀವೇ ಕಲಿಸಿದ ನಿಯಮ."

ಕೆಂಡಮ್ಮ ಅಳಿಯನನ್ನು ಬೆಳಗಿನಿಂದ ಮೊದಲ ಸಲ ನೆಟ್ಟಗೆ ನೋಡಿದಳು. ಸ್ಟೂಲಿನ ಮೇಲೆ ಸ್ವಲ್ಪ ಸರಿದು ಕೂತಳು, ಅಷ್ಟೆ.

ಟೀ ಅಂಗಡಿಯವನು ಒಳಗೆ ಹೋದ. ಹೊರಬಂದಾಗ ಬೆಳಿಗ್ಗೆ ಎತ್ತಿಟ್ಟಿದ್ದ ಬೆಂಚು ಅವನ ಹೆಗಲ ಮೇಲಿತ್ತು. ಅದನ್ನು ಕೆಂಡಮ್ಮನ ಪಕ್ಕ ಹಾಕಿದ. ದರ್ಜಿ ಹೊಲಿಗೆ ಯಂತ್ರದ ಮುಂದಿನ ಕುರ್ಚಿ ತಂದ. ಕೆಳಗಿನ ಮೂರು ಮನೆಯ ಹೆಂಗಸರು ಚಾಪೆ ಹಾಸಿದರು. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಒಬ್ಬಳು ಅವರೆಕಾಯಿ ಬಿಡಿಸಲು ಶುರು ಮಾಡಿದಳು. ಬಹಳ ಹೊತ್ತು ಕೂರುವವರ ಹಾಗಿದ್ದರು.

"ಬೇಕಾದ್ರೆ ನಿಮಗೂ ಒಂದು ಕುರ್ಚಿ ತರಿಸ್ತೀವಿ," ಎಂದಳು ಕೆಂಡಮ್ಮ. "ನಿಂತು ಕಾಲು ನೋಯುತ್ತೆ. ಕಾಲರ್ ಬೇರೆ ಮುದುಡಿದೆ, ಕೊಟ್ಟರೆ ಇಸ್ತ್ರಿ ಮಾಡ್ಕೊಡ್ತೀನಿ."

ಸೂಪರ್‌ವೈಸರ್ ಹಳಿ ನೋಡಿದ, ಜನರನ್ನು ನೋಡಿದ, ಕಡೆಗೆ ಫೋನ್ ತೆಗೆದ. ಒಂದು ಗಂಟೆಯಲ್ಲಿ ಎರಡು ಟಿಪ್ಪರ್ ಬಂದವು.

ಇನ್ನೂ ಎರಡು ದಿನ ಕೆಲಸ ನಡೆಯಿತು. "ಇನ್ನೂ ಆಳ ತೋಡಿ ಅಳಿಯಂದಿರೇ," ಎಂದು ಕೆಂಡಮ್ಮ ಅವಸರ ಮಾಡಿದಾಗ ಅವನೇ ತಡೆದ. "ಸಿಕ್ಕಾಪಟ್ಟೆ ತೋಡಿದ್ರೆ ಹಳಿ ಕೆಳಗಿನ ಮಣ್ಣೇ ಜಾರುತ್ತೆ ಅತ್ತೆ. ಆಳ ಮುಖ್ಯ ಅಲ್ಲ, ಇಳಿಜಾರು ಮುಖ್ಯ. ದಾರ ಹೇಳಿದಷ್ಟೇ." ಹೂಳು ಟಿಪ್ಪರ್ ಹತ್ತಿ ಹೋಯಿತು. ಮೋರಿಯ ಬಾಯಿ ತೆರೆಯಿತು. ಓಣಿ ತೀರ ಕಿರಿದಾದ ಕಡೆ ಚರಂಡಿಯ ಮೇಲೆ, ನೀರಿಗೆ ತಾಕದಂತೆ, ತೆಗೆದು ಹಾಕಲು ಬರುವ ಜಾಲರಿ ಹಾಕಿದರು.

ಮೊದಲ ಮಳೆ ಒಂದು ಮಧ್ಯಾಹ್ನ ಬಂತು. ಕೆಂಡಮ್ಮ ಬಾಗಿಲಲ್ಲಿ ನಿಂತು ಕಾದಳು. ಅಂದು ತಾಯಿಯ ಮನೆಗೆ ಬಂದಿದ್ದ ಮಗಳು ಅಭ್ಯಾಸಬಲದಿಂದ ಒಲೆಯನ್ನು ಮಂಚದ ಮೇಲೆ ಇಡಲು ಹೋದಳು. "ಇರು," ಎಂದಳು ತಾಯಿ. ಚರಂಡಿ ತುಂಬಿ, ಕೆಂಪಾಗಿ, ಮೋರಿಯ ಕಡೆಗೆ ಓಡಿತು. ಹೊಸ್ತಿಲು ಒದ್ದೆಯಾದದ್ದು ಮೇಲಿನಿಂದ ಬಿದ್ದ ಹನಿಯಿಂದ ಮಾತ್ರ.

ಕೆಲವು ವಾರ ಬಿಟ್ಟು ಹಳಿ ಸರಿ ಮಾಡಿ, ಒಣ ಜಲ್ಲಿ ತುಂಬಿದರು. ಈಗ ರೈಲು ಅಲ್ಲಿ ಕುಂಟುವುದಿಲ್ಲ. ಗಾಳಿ ಎಬ್ಬಿಸಿಕೊಂಡು ಹೋಗುತ್ತದೆ. ಗಾಲಿಯ ಮೇಜಿನ ಮೇಲೆ ಮಡಿಸಿಟ್ಟ ಅಂಗಿಗಳನ್ನು ಕೆಂಡಮ್ಮ ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕಾಗುತ್ತದೆ. "ಡ್ರೈವರ್‌ಗೆ ಈಗ ನಮ್ಮ ಬೀದಿ ನೋಡೋಕೆ ಪುರುಸೊತ್ತಿಲ್ಲ," ಎಂದು ಗೊಣಗುತ್ತಾಳೆ. ಬೂದಿ ತಗಡಿನ ಡಬ್ಬಕ್ಕೆ ಹೋಗುತ್ತದೆ, ಕಸದ ಗಾಡಿಯವರು ಒಯ್ಯುತ್ತಾರೆ. ಯಾರಾದರೂ ಚರಂಡಿಯ ಕಡೆ ಕಸದ ಪುಟ್ಟಿ ಹಿಡಿದು ಹೋದರೆ ಅವಳು ಬೈಯುವುದಿಲ್ಲ. ಅಂದು ಬೂದಿಯಲ್ಲಿ ಸಿಕ್ಕ ಅಂಗಿ ಗುಂಡಿ ಈಗ ಮೇಜಿನ ಮೇಲಿರುತ್ತದೆ, ಅದನ್ನು ಎತ್ತಿ ತೋರಿಸುತ್ತಾಳೆ. ಬೀದಿಯವರಿಗೆಲ್ಲ ಅದರ ಕಥೆ ಗೊತ್ತು.

ಈಗ ನಿಮಗೂ ಗೊತ್ತಾಯಿತು. ನಿಮ್ಮ ಮನೆ ಹಳಿಯ ಪಕ್ಕದಲ್ಲಿದ್ದರೆ ಒಮ್ಮೆ ಹೊರಗೆ ಬಂದು ಚರಂಡಿ ನೋಡಿ. ನೀರು ಹರಿಯುತ್ತಿದೆಯೋ, ನಿಂತಿದೆಯೋ? ನಿಂತಿದ್ದರೆ ಮೊದಲು ನಿಮ್ಮ ಚಪ್ಪಡಿಯ ಕೆಳಗೆ ಬಗ್ಗಿ ನೋಡಿ, ಆಮೇಲೆ ಬೇರೆಯವರನ್ನು ಬೈಯಿರಿ. ಹಿಡಿ ಬೂದಿ, ಹಿಡಿ ಕಸ ಎನ್ನಬೇಡಿ, ದಿನಾ ಹಾಕಿದರೆ ಅದೇ ಕಂಬವಾಗುತ್ತದೆ. ಜಲ್ಲಿಯಲ್ಲಿ ಬಿಳಿ ಕೆಸರು ಕಂಡರೆ ನೀವು ಹಳಿಯ ಮೇಲೆ ಹೋಗಬೇಡಿ, ಹಳಿ ನೋಡಿಕೊಳ್ಳುವವರಿಗೆ ಆ ದಿನವೇ ಹೇಳಿ. ಯಂತ್ರ ಬಂದಾಗ ದಾರಿ ಬಿಡಿ, ಅದು ಓಡುವಾಗ ಹತ್ತಿರ ಸುಳಿಯಬೇಡಿ. ಕೆಂಡಮ್ಮನೂ ಎರಡು ಸಲವೂ ಕೂತದ್ದು ಇಂಜಿನ್ ನಿಂತ ಮೇಲೆಯೇ.

ಆದರೆ ಯಂತ್ರ ಹೊರಡುವ ಮುನ್ನ ಎರಡು ಮಾತು ಕೇಳಿ. ಮೋರಿಯವರೆಗೆ ಆಯಿತಾ? ಹೂಳು ಒಯ್ದರಾ? ಇಲ್ಲ ಎಂದರೆ ಹೆದರಬೇಡಿ, ಕೂಗಾಡಲೂ ಬೇಡಿ. ಮನೆಯಲ್ಲಿ ಒಂದು ಸ್ಟೂಲು ಇದ್ದೇ ಇರುತ್ತದೆ.